ಜ್ವಿಕಿ ೧೮ರ ವಯೋನಿರ್ಣಯ: ರೋಹಿತಪ್ರಮಾಣದ ಒಂದು ಇತಿಹಾಸ

ಸಪ್ತರ್ಷಿಮಂಡಲದ ಸೀಮೆಯೊಳಗೆ, ಬರಿಗಣ್ಣಿಗೆ ಲೇಶವೂ ಗೋಚರಿಸದೆ, ಬಲವಾದ ದೂರದರ್ಶಕಗಳಲ್ಲಿಯೂ ಒಂದರ ಮಗ್ಗುಲಲ್ಲೊಂದು ಅಂಟಿಕೊಂಡ ಎರಡು ನೀಲಿ ಚುಕ್ಕೆಗಳಂತೆ ತೋರುವ ಸಣ್ಣದೊಂದು ಗೆಲಕ್ಸಿಯುಂಟು. ಫ್ರಿಟ್ಸ್ ಜ್ವಿಕಿ ಎಂಬ ಖಗೋಲಜ್ಞನು ಸಿದ್ಧಪಡಿಸಿದ ಪಟ್ಟಿಗಳಲ್ಲಿ ಮೊದಲನೆಯದರ ೧೮ನೆಯ ವಸ್ತುವಾದುದರಿಂದ ಅದಕ್ಕೆ 'ಒಂದನೆಯ ಜ್ವಿಕಿ ೧೮' ಎಂದು ಹೆಸರಾಗಿರುವುದು. ಸಂಕ್ಷೇಪಕ್ಕಾಗಿ ಈ ಲೇಖನದಲ್ಲಿ ಅದನ್ನು ಜ್ವಿಕಿ ೧೮ ಎಂದೇ ಕರೆಯಲಾಗಿದೆ. ಈ ವಸ್ತುವಿನ ವಯಸ್ಸೆಷ್ಟು ಎಂಬ ಪ್ರಶ್ನೆಯನ್ನು ಕುರಿತು ೧೯೭೨ರಿಂದ ೨೦೦೭ರವರೆಗೆ, ಎಂದರೆ ಮೂವತ್ತೈದು ವರ್ಷಗಳ ಕಾಲ, ವಿದ್ವಾಂಸರಲ್ಲಿ ವಾದಪ್ರತಿವಾದಗಳು ನಡೆದುವು. ಇದು ಈಗತಾನೆ ಜನಿಸುತ್ತಿರುವ ಶಿಶುವೆಂದು ಒಂದು ಪಕ್ಷ. ಬಹುಕಾಲ ಮಲಗಿದ್ದು ಈಚೆಗೆ ಮೈಮುರಿದೆದ್ದ ವೃದ್ಧವೆಂದು ಇನ್ನೊಂದು ಪಕ್ಷ. ಮೇಲುನೋಟಕ್ಕೆ ಇದು ಒಂದು ಅಲ್ಪವಸ್ತುವನ್ನು ಕುರಿತ ಕಲಹದಂತೆ ಕಂಡರೂ ವಿಷಯವು ಅಲ್ಪವಲ್ಲ. ವಿಶ್ವವು ಹುಟ್ಟಿ ಸುಮಾರು ೧,೩೮೦ ಕೋಟಿ ವರ್ಷಗಳಾಗಿರುವ ಈ ಕಾಲದಲ್ಲಿಯೂ ಹೊಸ ಗೆಲಕ್ಸಿಗಳು ಹುಟ್ಟಬಲ್ಲವೇ, ಅಥವಾ ಎಲ್ಲವೂ ಆದಿಯಲ್ಲಿಯೇ ಹುಟ್ಟಿ ಮುಗಿದುವೇ ಎಂಬ ಮಹಾಪ್ರಶ್ನೆಗೆ ಉತ್ತರವು ಈ ಎರಡು ಚುಕ್ಕೆಗಳನ್ನು ಆಶ್ರಯಿಸಿಕೊಂಡಿದ್ದಿತು.

ಗೆಲಕ್ಸಿಯೆಂದರೆ ಗುರುತ್ವದಿಂದ ಕಟ್ಟುಬಿದ್ದ ನಕ್ಷತ್ರಗಳ ಮಹಾಸಮುದಾಯ. ಸೂರ್ಯನಿಗೆ ಆಶ್ರಯವಾದ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಮಿಕ್ಕ ನಕ್ಷತ್ರಗಳಿರುವುವು. ಅದರ ನೂರರಲ್ಲೊಂದು ಪಾಲೂ ಇಲ್ಲದವುಗಳಿಗೆ ಕುಬ್ಜ ಗೆಲಕ್ಸಿಗಳೆಂದು ಹೆಸರು. ಜ್ವಿಕಿ ೧೮ರಲ್ಲಿ ಇರುವ ನಕ್ಷತ್ರದ್ರವ್ಯವು ಆಕಾಶಗಂಗೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಕುಬ್ಜಗಳಲ್ಲಿ ಬಹುಪಾಲು ಸಾಧುಸ್ವಭಾವದವು. ಆದರೆ ಕೆಲವು ಮಾತ್ರ ತಮ್ಮ ಗಾತ್ರಕ್ಕೆ ಮೀರಿದ ವೇಗದಿಂದ ಅನಿಲವನ್ನು ನಕ್ಷತ್ರಗಳನ್ನಾಗಿ ಮಾರ್ಪಡಿಸುತ್ತಿರುವುವು. ಅದೇ ವೇಗವು ಮುಂದುವರಿದರೆ ಗೆಲಕ್ಸಿಯ ವಯಸ್ಸಿಗೆ ಹೋಲಿಸಿದಲ್ಲಿ ಕ್ಷಣಕಾಲವೆನ್ನಬಹುದಾದಷ್ಟರಲ್ಲಿ ಇದ್ದ ಅನಿಲವೆಲ್ಲ ವ್ಯಯವಾಗುವುದು. ಇಂತಹ ಸ್ಥಿತಿಗೆ ೧೯೮೦ರ ದಶಕದಿಂದ ಈಚೆಗೆ 'ಸ್ಟಾರ್‌ಬರ್ಸ್ಟ್' ಎಂಬ ಹೆಸರು ರೂಢಿಗೆ ಬಂದಿರುವುದು. ಕನ್ನಡದಲ್ಲಿ ಇದನ್ನು ನಕ್ಷತ್ರಗಳ ಸಿಡಿತವೆಂದರೆ ಅರ್ಥವು ಕೆಡುವುದು. ಇಲ್ಲಿ ಸಿಡಿಯುವುದೇನೂ ಇಲ್ಲ, ಹುಟ್ಟು ಉಕ್ಕಿಬರುವುದು. ಆದಕಾರಣ 'ತಾರಾಜನನದ ಉಬ್ಬರ'ವೆಂದು ಹೇಳುವುದು ಮೇಲು.

ಇಷ್ಟು ದೂರದ ವಸ್ತುವಿನ ಅಂತರಂಗವನ್ನು ಅರಿಯಲು ಇರುವ ಸಾಧನವೆಂದರೆ ಅದರ ಬೆಳಕನ್ನು ಬಿಡಿಸಿ ನೋಡುವುದು. ಸೂರ್ಯನ ಬಿಳಿಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳ ಪಟ್ಟೆಯನ್ನಾಗಿ, ಎಂದರೆ ರೋಹಿತವನ್ನಾಗಿ, ನ್ಯೂಟನ್ನನು ವಿಂಗಡಿಸಿದ ಸಂಗತಿ ಸುಪ್ರಸಿದ್ಧವಾದುದು. ೧೮೧೪ರಲ್ಲಿ ಫ್ರೌನ್‌ಹೋಫರನು ಆ ಪಟ್ಟೆಯನ್ನು ಅಡ್ಡಲಾಗಿ ಕತ್ತರಿಸುವ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದನು. ಅವುಗಳ ಅರ್ಥವು ಹೊರಬಿದ್ದುದು ೧೮೫೯-೬೦ರಲ್ಲಿ, ಹೈಡಲ್‌ಬರ್ಗಿನ ಕಿರ್ಖಾಫ್ ಮತ್ತು ಬುನ್ಸೆನ್ ಇವರ ಪ್ರಯೋಗಗಳಿಂದ. ಕಾದ ಘನವಸ್ತುವು ಅಖಂಡವಾದ ಪಟ್ಟೆಯನ್ನು ಕೊಡುವುದು. ವಿರಳವಾದ ಕಾದ ಅನಿಲವು ಬಿಡಿಬಿಡಿಯಾದ ಪ್ರಕಾಶರೇಖೆಗಳನ್ನು ಕೊಡುವುದು. ಕಾದ ವಸ್ತುವಿನ ಮುಂದೆ ತಣ್ಣಗಿನ ಅನಿಲವು ಅಡ್ಡ ಬಂದರೆ ಅವೇ ಸ್ಥಾನಗಳಲ್ಲಿ ಕಪ್ಪು ಗೆರೆಗಳು ಬೀಳುವುವು. ಒಂದೊಂದು ಧಾತುವಿನ ರೇಖಾಸಮೂಹವೂ ಅದಕ್ಕೇ ಮೀಸಲಾದುದು. ಹೀಗೆ ರೇಖೆಯು ಲಿಂಗವಾಗಿ ಧಾತುವು ಲಿಂಗಿಯಾಯಿತು. ಹೊಗೆಯಿಂದ ಬೆಟ್ಟದ ಬೆಂಕಿಯನ್ನು ಊಹಿಸುವಂತೆ ಗೆರೆಯಿಂದ ನಕ್ಷತ್ರದ ದ್ರವ್ಯವನ್ನು ಊಹಿಸುವ ಮಾರ್ಗವು ತೆರೆಯಿತು.

ಈ ಮಾರ್ಗವನ್ನು ನೀಹಾರಿಕೆಗಳಿಗೆ ಮೊದಲು ಅನ್ವಯಿಸಿದವನು ಇಂಗ್ಲೆಂಡಿನ ವಿಲಿಯಂ ಹಗಿನ್ಸ್. ಮಂಜಿನಂತೆ ತೋರುವ ಈ ವಸ್ತುಗಳೆಲ್ಲವೂ ದೂರದ ನಕ್ಷತ್ರಗಳ ಗುಂಪುಗಳೇ ಎಂದು ಆಗ ಅನೇಕರ ಅಭಿಪ್ರಾಯವಾಗಿದ್ದಿತು. ೧೮೬೪ರ ಆಗಸ್ಟ್ ತಿಂಗಳಲ್ಲಿ ಡ್ರೇಕೊ ಮಂಡಲದ ಒಂದು ನೀಹಾರಿಕೆಯತ್ತ ಆತನು ತನ್ನ ರೋಹಿತದರ್ಶಕವನ್ನು ತಿರುಗಿಸಿದಾಗ, ಬಣ್ಣದ ಪಟ್ಟೆಗೆ ಬದಲಾಗಿ ಕೆಲವೇ ಪ್ರಕಾಶರೇಖೆಗಳು ಕಂಡುಬಂದುವು. ಅದು ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲ. ಆದರೆ ಆ ರೇಖೆಗಳಲ್ಲಿ ಎಲ್ಲಕ್ಕಿಂತ ಪ್ರಬಲವಾದ ಹಸುರು ರೇಖೆಯು ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ.

ಇದೇ ಬಗೆಯ ಇನ್ನೊಂದು ಅಪರಿಚಿತ ರೇಖೆಯ ಕಥೆಯಲ್ಲಿ ಕರ್ಣಾಟಕದ ನೆಲಕ್ಕೂ ಒಂದು ಪಾಲುಂಟು. ೧೮೬೮ರ ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣದ ಛಾಯೆಯು ದಕ್ಷಿಣಾಪಥವನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದುಹೋಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟನು. ಮದ್ರಾಸು ವೇಧಶಾಲೆಯ ಪಾಗ್ಸನ್ ಮಚಲೀಪಟ್ಟಣಕ್ಕೆ ಹೋದನು. ರಾಯಲ್ ಸೊಸೈಟಿಯ ಉಪಕರಣಗಳೊಡನೆ ಲೆಫ್ಟೆನೆಂಟ್ ಜಾನ್ ಹರ್ಷೆಲ್ ಎಂಬವನು ಆಗ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಜಮಖಂಡಿಗೆ ಬಂದನು. ಈತನು ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಗ್ರಹಣಕಾಲದಲ್ಲಿ ಸೂರ್ಯಬಿಂಬದ ಅಂಚಿನಿಂದ ಚಾಚಿಕೊಂಡು ಕಾಣುವ ಕೆಂಪು ಜ್ವಾಲೆಗಳ ರೋಹಿತದಲ್ಲಿ ಪ್ರಕಾಶರೇಖೆಗಳಿರುವುದನ್ನು ಇವರೆಲ್ಲರೂ ಕಂಡರು. ಆ ಜ್ವಾಲೆಗಳು ಅನಿಲಮಯವೆಂಬುದು ಅಂದೇ ಸ್ಥಿರವಾಯಿತು. ಅವುಗಳಲ್ಲಿ ಹಳದಿಯ ಒಂದು ರೇಖೆಯನ್ನು ಸೋಡಿಯಂ ಧಾತುವಿನದೆಂದು ಮೊದಲಿಗೆ ಎಣಿಸಲಾಯಿತಾದರೂ, ಸ್ಥಾನವು ಸ್ವಲ್ಪ ಬೇರೆಯೆಂಬುದು ಲಾಕಿಯರನ ವೇಧಗಳಿಂದ ಅದೇ ವರ್ಷ ತಿಳಿದುಬಂದಿತು. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಕಾರಣವಾದ ಧಾತುವಿಗೆ ಹೀಲಿಯಂ ಎಂಬ ನಾಮಕರಣವಾಯಿತು. ೧೮೯೫ರಲ್ಲಿ ರಾಮ್ಸೆಯು ಅದನ್ನು ಭೂಮಿಯ ಒಂದು ಖನಿಜದಿಂದಲೇ ಹೊರಡಿಸಿ ತೋರಿಸಿದನು. ಜ್ವಿಕಿ ೧೮ರ ರೋಹಿತದಲ್ಲಿಯೂ ಇದೇ ಹಳದಿ ರೇಖೆಯು ಇರುವುದೆಂಬುದನ್ನೂ, ಅದರ ಬಲವನ್ನು ಅಳೆಯುವುದರಿಂದ ಬಹು ದೊಡ್ಡದೊಂದು ಪ್ರಯೋಜನವು ಸಿದ್ಧಿಸಿತೆಂಬುದನ್ನೂ ಮುಂದೆ ನೋಡಬಹುದು.

ಹಗಿನ್ಸನ ಹಸುರು ರೇಖೆಗೂ ಹೀಲಿಯಮ್ಮಿನ ಹಾದಿಯನ್ನೇ ಹಿಡಿದು 'ನೆಬ್ಯುಲಿಯಂ' ಎಂಬೊಂದು ಹೊಸ ಧಾತುವನ್ನು ಕಲ್ಪಿಸಲಾಯಿತು. ಈ ಸಾರಿ ಕಲ್ಪನೆಯು ಫಲಿಸಲಿಲ್ಲ. ೧೯೨೭ರಲ್ಲಿ ಅಮೆರಿಕದ ಐರಾ ಬೋವೆನ್ ಎಂಬವನು ಆ ರೇಖೆಯು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ್ದೇ ಎಂದು ಸಾಧಿಸಿದನು. ಪ್ರಯೋಗಶಾಲೆಯಲ್ಲಿ ಪರಮಾಣುಗಳು ಒಂದನ್ನೊಂದು ಪದೇ ಪದೇ ತಾಕುವುದರಿಂದ ಆ ಬೆಳಕು ಹೊರಡುವುದಕ್ಕೆ ಅವಕಾಶವೇ ಇರುವುದಿಲ್ಲ. ನೀಹಾರಿಕೆಗಳ ಅನಿಲವಾದರೋ ಇಲ್ಲಿ ಮಾಡಬಹುದಾದ ಯಾವ ನಿರ್ವಾತಕ್ಕಿಂತಲೂ ವಿರಳವಾದುದು. ತರಂಗಾಂತರವನ್ನು ಅಳೆಯುವ ಮಾನವಾದ ಆಂಗ್‌ಸ್ಟ್ರಮ್ ಎಂಬುದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಆ ಮಾನದಲ್ಲಿ ಈ ರೇಖೆಯ ಸ್ಥಾನವು ೫೦೦೭. ಇದಕ್ಕೆ ಮುಂಚೆ, ೧೯೨೦ರಲ್ಲಿ, ಮೇಘನಾದ ಸಾಹಾ ಅವರು ಉಷ್ಣತೆಗೂ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದಕ್ಕೂ ಇರುವ ಗಣಿತಸಂಬಂಧವನ್ನು ಪ್ರಕಟಿಸಿ ನಕ್ಷತ್ರಗಳ ರೋಹಿತಗಳಿಗೆ ಭಾಷ್ಯ ಬರೆದಂತಾಗಿದ್ದಿತು. ೧೯೩೯ರಲ್ಲಿ ಸ್ಟ್ರೋಮ್‌ಗ್ರೆನ್ ಎಂಬ ಡೇನಿಷ್ ವಿದ್ವಾಂಸನು, ಅತ್ಯುಷ್ಣವಾದ ಎಳೆಯ ನಕ್ಷತ್ರವೊಂದು ತನ್ನ ಅತಿನೇರಳೆ ಕಿರಣಗಳಿಂದ ಸುತ್ತಣ ಜಲಜನಕವನ್ನು ಎಷ್ಟು ದೂರದವರೆಗೆ ಹೊಳೆಯಿಸಬಲ್ಲುದೆಂಬುದನ್ನು ಲೆಕ್ಕಹಾಕಿದನು. ಇಂತಹ ನಕ್ಷತ್ರಗಳ ಆಯುಸ್ಸು ಒಂದು ಕೋಟಿ ವರ್ಷಗಳೊಳಗೆ. ಆದಕಾರಣ ಎಲ್ಲಿ ಜಲಜನಕದ ರೇಖೆಗಳು ಹೊಳೆಯುವುವೋ ಅಲ್ಲಿ ನಕ್ಷತ್ರಗಳು ಈಚೆಗೆ ಹುಟ್ಟಿರಲೇಬೇಕು. ರೇಖೆಯ ಬಲವು ಹುಟ್ಟಿನ ವೇಗಕ್ಕೆ ಅಳತೆಗೋಲಾಯಿತು.

ಜ್ವಿಕಿಯು ಬಲ್ಗೇರಿಯದಲ್ಲಿ ಹುಟ್ಟಿದ ಸ್ವಿಟ್ಸರ್ಲೆಂಡಿನವನು, ಕ್ಯಾಲಿಫೋರ್ನಿಯದಲ್ಲಿ ನೆಲಸಿದ್ದವನು, ಒರಟು ಮಾತಿಗೂ ಅಸಾಧಾರಣ ಊಹಾಶಕ್ತಿಗೂ ಸಮಾನವಾಗಿ ಹೆಸರಾಗಿದ್ದವನು. ಪಲೋಮಾರ್ ಬೆಟ್ಟದ ಮೇಲಿನ ದೂರದರ್ಶಕದಿಂದ ತೆಗೆದ ಫಲಕಗಳಲ್ಲಿ ನಕ್ಷತ್ರಗಳೆಂದೇ ಭ್ರಮೆಗೊಳಿಸುವಷ್ಟು ಚಿಕ್ಕದಾಗಿ, ಬಿಗಿಯಾಗಿ ಕಾಣುವ ಗೆಲಕ್ಸಿಗಳನ್ನು ೧೯೬೦ರ ದಶಕದಲ್ಲಿ ಆತನು ಒಂದೊಂದಾಗಿ ಆಯ್ದು, ಪಟ್ಟಿಗಳನ್ನು ಮಾಡಿ ಸಹೋದ್ಯೋಗಿಗಳಿಗೆ ಹಂಚಿದನು. ಅವೆಲ್ಲವೂ ೧೯೭೧ರಲ್ಲಿ ಗ್ರಂಥರೂಪವಾಗಿ ಹೊರಬಂದುವು. ವ್ಯಾಸಂಗಕ್ಕೆ ವಸ್ತುವನ್ನು ಒದಗಿಸಿಕೊಡುವ ಇಂತಹ ಪಟ್ಟಿಗಾರರಿಗೆ ಸಲ್ಲಬೇಕಾದ ಗೌರವವು ಯಾವ ಶಾಸ್ತ್ರದಲ್ಲಿಯೂ ಪೂರ್ತಿಯಾಗಿ ಸಲ್ಲುವುದಿಲ್ಲ. ನಿಘಂಟುಕಾರರ ಗತಿಯೂ ಇದೇ.

ಪಟ್ಟಿಯ ವಸ್ತುಗಳಲ್ಲಿ ಎರಡರ ರೋಹಿತವನ್ನು ವಾಲೆಸ್ ಸಾರ್ಜೆಂಟ್ ಮತ್ತು ಲಿಯೊನಾರ್ಡ್ ಸರ್ಲ್ ಎಂಬವರು ಪರೀಕ್ಷಿಸಿ, ೧೯೭೦ರಲ್ಲಿ ಒಂದು ಆಶ್ಚರ್ಯವನ್ನು ಪ್ರಕಟಿಸಿದರು. ಒಂದು ಜ್ವಿಕಿ ೧೮. ಮತ್ತೊಂದು ಎರಡನೆಯ ಪಟ್ಟಿಯ ೪೦ನೆಯದು. ಇವು ಗೆಲಕ್ಸಿಗಳಂತೆ ಕಾಣದೆ, ದೊಡ್ಡ ಗೆಲಕ್ಸಿಗಳ ತೋಳುಗಳಲ್ಲಿ ಅಲ್ಲಲ್ಲಿ ಇರುವ ಹೊಳೆಯುವ ಜಲಜನಕದ ಮೇಘಗಳು ಒಂಟಿಯಾಗಿ ಆಕಾಶದಲ್ಲಿ ನಿಂತಂತಿದ್ದುವು. ೧೯೭೨ರ ಅವರ ಪ್ರಬಂಧವು ಈ ಇತಿಹಾಸದ ಮೂಲಗ್ರಂಥವೆನ್ನಬೇಕು. ಅದರ ಮುಖ್ಯ ಯುಕ್ತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳದಿದ್ದರೆ ಮುಂದಿನ ವಾದವು ಅರ್ಥವಾಗದು.

ಆಮ್ಲಜನಕದ ರೇಖೆ ಪ್ರಬಲವಾಗಿರುವಲ್ಲೆಲ್ಲ ಆಮ್ಲಜನಕವು ಹೆಚ್ಚಾಗಿರುವುದೆಂದು ಸಾಮಾನ್ಯರಿಗೆ ತೋರುವುದು ಸಹಜ. ಆದರೆ ಹಾಗಲ್ಲ. ಆ ರೇಖೆಯು ಹುಟ್ಟುವುದು ಎಲೆಕ್ಟ್ರಾನುಗಳು ಆಮ್ಲಜನಕವನ್ನು ತಾಕಿದಾಗ. ಅನಿಲವು ಹೆಚ್ಚು ಕಾದಿದ್ದರೆ ತಾಕುವಿಕೆಯ ಬಲವೂ ಹೆಚ್ಚಾಗಿ, ಕೊಂಚ ಆಮ್ಲಜನಕವೇ ಬಹಳ ಬೆಳಕನ್ನು ಕೊಡುವುದು. ಆದಕಾರಣ ಮೊದಲು ಉಷ್ಣತೆಯನ್ನು ತಿಳಿಯಬೇಕು. ಅದಕ್ಕೆ ಉಪಾಯವು ಆಮ್ಲಜನಕದಲ್ಲಿಯೇ ಅಡಗಿರುವುದು. ೪೩೬೩ ಆಂಗ್‌ಸ್ಟ್ರಮ್ ಸ್ಥಾನದಲ್ಲಿ ಅದಕ್ಕೆ ಇನ್ನೊಂದು ಕ್ಷೀಣವಾದ ರೇಖೆಯುಂಟು. ಪರಮಾಣುವಿನ ಹೆಚ್ಚು ಎತ್ತರದ ಮೆಟ್ಟಿಲಿನಿಂದ ಇಳಿದುಬರುವ ಬೆಳಕಾದುದರಿಂದ ಅನಿಲವು ಬಹಳ ಕಾದಿದ್ದರೆ ಮಾತ್ರ ಅದು ಏರುವುದು. ೪೩೬೩ಕ್ಕೂ ೫೦೦೭ಕ್ಕೂ ಇರುವ ಅನುಪಾತವೇ ಉಷ್ಣಮಾಪಕ. ಒರಾಯನ್ ನೀಹಾರಿಕೆಯ ಅನಿಲವು ಸುಮಾರು ಹತ್ತು ಸಾವಿರ ಕೆಲ್ವಿನ್ ಉಷ್ಣತೆಯದು. ಜ್ವಿಕಿ ೧೮ರದು ಸುಮಾರು ಇಪ್ಪತ್ತು ಸಾವಿರದ ಹತ್ತಿರ. ಅನಿಲವನ್ನು ತಣಿಸುವುದು ಮುಖ್ಯವಾಗಿ ಆಮ್ಲಜನಕಾದಿ ಭಾರಧಾತುಗಳ ರೇಖೆಗಳೇ ಆದುದರಿಂದ, ಅನಿಲವು ಇಷ್ಟು ಕಾದಿರುವುದೇ ಅವುಗಳ ಕೊರತೆಗೆ ಸಾಕ್ಷಿ. ಲೆಕ್ಕಹಾಕಿದಾಗ ಅಲ್ಲಿಯ ಆಮ್ಲಜನಕವು ಸೂರ್ಯನಲ್ಲಿರುವುದರ ಐವತ್ತನೆಯ ಒಂದು ಪಾಲಿನಷ್ಟು ಮಾತ್ರವೆಂದು ಬಹುಕಾಲ ಹೇಳುತ್ತಿದ್ದರು. ಸೂರ್ಯನ ಆಮ್ಲಜನಕದ ಪ್ರಮಾಣವನ್ನೇ ಈಚೆಗೆ ತಗ್ಗಿಸಿ ಗಣಿಸಿರುವುದರಿಂದ ಮೂವತ್ತನೆಯ ಒಂದು ಪಾಲೆಂಬುದು ಈಗಿನ ಲೆಕ್ಕ. ಇದಕ್ಕಿಂತ ದರಿದ್ರವಾದ ಹೊಳೆಯುವ ಗೆಲಕ್ಸಿಯು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ದೊರೆಯಲಿಲ್ಲ.

ವಿಶ್ವದ ಆದಿಯಲ್ಲಿ ಜಲಜನಕ, ಹೀಲಿಯಂ ಮತ್ತು ಲಿಥಿಯಮ್ಮಿನ ಲೇಶ ಮಾತ್ರವಿದ್ದುವು. ಆಮ್ಲಜನಕವೆಲ್ಲವೂ ನಕ್ಷತ್ರಗಳ ಗರ್ಭದಲ್ಲಿ ಪಾಕವಾಗಿ, ಅವು ಸಿಡಿದಾಗ ಹೊರಚೆಲ್ಲಿದುದು. ಇಂದಿನ ವೇಗದಲ್ಲಿ ಜ್ವಿಕಿ ೧೮ರಲ್ಲಿ ಸಾವಿರ ಕೋಟಿ ವರ್ಷಗಳಿಂದ ನಕ್ಷತ್ರಗಳು ಹುಟ್ಟುತ್ತಿದ್ದಿದ್ದರೆ ಆಮ್ಲಜನಕವು ಈಗಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿರಬೇಕಾಗಿದ್ದಿತು. ಆದುದರಿಂದ ಎರಡೇ ದಾರಿಗಳು: ಗೆಲಕ್ಸಿಯೇ ಎಳೆಯದು, ಇಲ್ಲವೇ ಅದರ ತಾರಾಜನನವು ಚಿಕ್ಕ ಚಿಕ್ಕ ಉಬ್ಬರಗಳಾಗಿ, ನಡುನಡುವೆ ದೀರ್ಘವಾದ ಇಳಿತಗಳೊಡನೆ ನಡೆದುಬಂದಿರಬೇಕು. ಸರ್ಲ್ ಮತ್ತು ಸಾರ್ಜೆಂಟರು ಎರಡನ್ನೂ ಮುಂದಿಟ್ಟರು. ಅವರ ಶಿಷ್ಯಪರಂಪರೆಯಲ್ಲಿ ಕೆಲವರು ಮೊದಲನೆಯದನ್ನು ಮಾತ್ರ ಉಳಿಸಿಕೊಂಡದ್ದು ಮುಂದಿನ ಗೊಂದಲಕ್ಕೆ ಬೀಜವಾಯಿತು.

ಅದೇ ಪ್ರಬಂಧದಲ್ಲಿ ಇನ್ನೊಂದು ಫಲವೂ ದೊರಕಿತು. ಆಮ್ಲಜನಕವು ಇಷ್ಟು ಕಡಿಮೆಯಾಗಿದ್ದರೂ ಹೀಲಿಯಂ ಮಾತ್ರ ಬೇರೆಡೆಯಲ್ಲಿರುವಷ್ಟೇ ಇದ್ದಿತು! ಹೀಲಿಯಂ ನಕ್ಷತ್ರಗಳಲ್ಲಿಯೇ ಹುಟ್ಟಿದುದಾಗಿದ್ದರೆ ಅದೂ ಆಮ್ಲಜನಕದಂತೆ ಕೊರತೆಯಾಗಬೇಕಾಗಿದ್ದಿತು. ಆದುದರಿಂದ ಅದು ಗೆಲಕ್ಸಿಗಳಿಗಿಂತ ಪೂರ್ವದ್ದು, ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ಹುಟ್ಟಿದ್ದೆಂಬ ಸಿದ್ಧಾಂತಕ್ಕೆ ಬಲವಾದ ಆಧಾರವಾಯಿತು. ಮುಂದೆ ಇಂತಹ ದರಿದ್ರ ಗೆಲಕ್ಸಿಗಳ ಹೀಲಿಯಂ ರೇಖೆಗಳನ್ನು ಅಳೆದು, ಆದಿದ್ರವ್ಯದಲ್ಲಿ ತೂಕದಿಂದ ನೂರಕ್ಕೆ ೨೪-೨೫ ಪಾಲು ಹೀಲಿಯಂ ಇದ್ದಿತೆಂದು ನಿಶ್ಚಯಿಸಲಾಯಿತು. ಜಮಖಂಡಿಯ ಆಕಾಶದಲ್ಲಿ ಸೋಡಿಯಮ್ಮೋ ಏನೋ ಎಂದು ಸಂದೇಹಕ್ಕೆ ಗುರಿಯಾಗಿದ್ದ ರೇಖೆಯು ನೂರು ವರ್ಷಗಳ ತರುವಾಯ ಸೃಷ್ಟಿಯ ಆದಿಗೆ ಸಾಕ್ಷಿ ನುಡಿಯಿತು.

ಇನ್ನು ವಯಸ್ಸಿನ ವಾದ. ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲ, ಆದರೂ ಪುಷ್ಟನಾಗಿರುವನು. ಆದುದರಿಂದ ರಾತ್ರಿಯಲ್ಲಿ ಉಣ್ಣುತ್ತಿರಬೇಕು ಎಂಬುದು ಮೀಮಾಂಸಕರು ಅರ್ಥಾಪತ್ತಿಗೆ ಕೊಡುವ ಹಳೆಯ ಉದಾಹರಣೆ. ಜ್ವಿಕಿ ೧೮ರ ವೃದ್ಧಪಕ್ಷದವರು ಮೊದಲು ಹೂಡಿದುದು ಇದೇ ಯುಕ್ತಿ. ಆಮ್ಲಜನಕವು ಕಡಿಮೆಯಿದ್ದರೂ ಶೂನ್ಯವಲ್ಲ. ಇರುವಷ್ಟನ್ನು ಬೇಯಿಸಿಟ್ಟವರು ಯಾರು? ಇಂದಿನ ಎಳೆಯ ನಕ್ಷತ್ರಗಳು ಇನ್ನೂ ಬದುಕಿರುವುವು. ಆದುದರಿಂದ ಹಿಂದೊಂದು ತಲೆಮಾರು ಇದ್ದಿರಬೇಕು. ಆದರೆ ಅರ್ಥಾಪತ್ತಿಯು ನಿಲ್ಲಬೇಕಾದರೆ ಬೇರೆ ಯಾವ ಬಗೆಯಿಂದಲೂ ಕಂಡದ್ದು ಉಪಪನ್ನವಾಗಬಾರದು. ೧೯೮೬ರಲ್ಲಿ ಡೇನಿಯಲ್ ಕುಂತ್ ಎಂಬ ಫ್ರೆಂಚ್ ವಿದ್ವಾಂಸನೂ ಸಾರ್ಜೆಂಟನೂ ಕೂಡಿ ಆ ಬೇರೆ ಬಗೆಯನ್ನು ತೋರಿಸಿದರು. ಅತಿ ಭಾರವಾದ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ಸಿಡಿಯುವುವು. ಅವು ಉಗುಳಿದ ಆಮ್ಲಜನಕವು ತಮ್ಮ ಸುತ್ತಲೇ ಹೊಳೆಯುತ್ತಿರುವ ಅನಿಲದಲ್ಲಿ ಕೂಡಲೇ ಬೆರೆತರೆ, ಅಳತೆಗೆ ಸಿಕ್ಕುವ ಆಮ್ಲಜನಕವು ಇಂದಿನ ಉಬ್ಬರದ್ದೇ ಆಗಬಹುದು. ಮನೆಯೊಳಗಿನ ಹೊಗೆಯನ್ನು ಕಂಡು ಹಿಂದಿನ ದಿನದ ಅಡುಗೆಯನ್ನು ಊಹಿಸುವುದು ಹೇಗೆ? ೨೦೦೦ದ ಸುಮಾರಿಗೆ ಲೆಗ್ರಾಂಡ್ ಎಂಬವನು ಇದಕ್ಕೆ ಉತ್ತರವಾಗಿ, ಉಬ್ಬರಗಳ ನಡುವೆಯೂ ಬಹು ಮೆಲ್ಲನೆ ಕೋಟ್ಯಂತರ ವರ್ಷಗಳಿಂದ ನಕ್ಷತ್ರಗಳು ಹುಟ್ಟುತ್ತಲೇ ಇದ್ದುವೆಂದು ಲೆಕ್ಕಕಟ್ಟಿ ತೋರಿಸಿದನು. ಎರಡು ಲೆಕ್ಕಗಳೂ ರೋಹಿತಕ್ಕೆ ಹೊಂದುತ್ತಿದ್ದುವು. ರೋಹಿತವು ಎರಡರಲ್ಲಿ ಒಂದನ್ನು ಆರಿಸಿಕೊಡಲಿಲ್ಲ.

ವೃದ್ಧಪಕ್ಷದಲ್ಲಿಯೂ ಹೇತ್ವಾಭಾಸಗಳು ಇದ್ದುವೆಂಬುದನ್ನು ಮರೆಮಾಚಬಾರದು. ಗೆಲಕ್ಸಿಯ ಹೊರವಲಯವನ್ನು ತುಂಬಿರುವ ಮಂದವಾದ ಬೆಳಕನ್ನು ಹಳೆಯ ನಕ್ಷತ್ರಗಳ ಹಾಸುಬೆಳಕೆಂದು ಕೆಲವರು ಎಣಿಸಿದ್ದರು. ಪಾಪಡೆರೊಸ್ ಮೊದಲಾದವರು ೨೦೦೨ರಲ್ಲಿ ಅದನ್ನು ಶೋಧಿಸಿ, ಅದರಲ್ಲಿ ಬಹುಪಾಲು ನಕ್ಷತ್ರಗಳ ಬೆಳಕೇ ಅಲ್ಲ, ಹೊರಕ್ಕೆ ಹರಡಿದ ಅನಿಲದ ಪ್ರಕಾಶರೇಖೆಗಳೆಂದು ತೋರಿಸಿದರು. ಹೊಗೆಯೆಂದು ತಿಳಿದದ್ದು ಮಂಜಾಗಿದ್ದಿತು.

ರೋಹಿತದ ಈ ಅಶಕ್ತಿಗೆ ಕಾರಣವೂ ಸ್ಪಷ್ಟವೇ. ಅತಿ ಭಾರವಾದ ಎಳೆಯ ನಕ್ಷತ್ರವೊಂದು ಲಕ್ಷಾಂತರ ಸೂರ್ಯರಷ್ಟು ಹೊಳೆಯುವುದು. ಇಡೀ ಗೆಲಕ್ಸಿಯ ಬೆಳಕನ್ನು ಒಂದೇ ಸೀಳುಗಂಡಿಯಿಂದ ಒಳಗೆ ತೆಗೆದುಕೊಂಡಾಗ, ಇಂತಹ ಕೆಲವು ನಕ್ಷತ್ರಗಳ ಪ್ರಭೆಯಲ್ಲಿ ಸಾವಿರ ಸಾವಿರ ಮುದಿನಕ್ಷತ್ರಗಳು ಅಡಗಿಹೋಗುವುವು. ಹಾಗಾದರೆ ಉಳಿದ ಉಪಾಯವೆಂದರೆ ನಕ್ಷತ್ರಗಳನ್ನು ಒಂದೊಂದಾಗಿ ಬಿಡಿಸಿ ಎಣಿಸುವುದು. ೧೯೯೦ರಲ್ಲಿ ಆಕಾಶಕ್ಕೇರಿದ ಹಬಲ್ ದೂರದರ್ಶಕದಿಂದ ಅದು ಸಾಧ್ಯವಾಯಿತು. ಸೂರ್ಯನಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಭಾರವಾದ ನಕ್ಷತ್ರಗಳು ನೂರು ಕೋಟಿ ವರ್ಷಗಳಿಗೂ ಮೇಲ್ಪಟ್ಟ ಬಾಳನ್ನು ಕಳೆದ ಬಳಿಕ ಊದಿ ಕೆಂಪು ದೈತ್ಯಗಳಾಗುವುವು. ಕೆಂಪು ದೈತ್ಯಗಳು ಸಿಕ್ಕಿದರೆ ಗೆಲಕ್ಸಿಯು ಹಳೆಯದು. ಈ ವ್ಯಾಪ್ತಿಯನ್ನು ಎರಡು ಪಕ್ಷಗಳೂ ಒಪ್ಪಿದುವು.

೨೦೦೪ರಲ್ಲಿ ಉಕ್ರೇನಿನ ಯೂರಿ ಇಜೊಟೊವ್ ಮತ್ತು ಅಮೆರಿಕದಲ್ಲಿ ನೆಲಸಿದ್ದ ವಿಯೆಟ್ನಾಮಿನ ತ್ರಿನ್ ಶುವಾನ್ ತುವಾನ್ ಇವರು ಹಬಲ್ಲಿನ ಹೊಸ ಚಿತ್ರಗಳಿಂದ ನಕ್ಷತ್ರಗಳನ್ನು ಎಣಿಸಿದರು. ಇಬ್ಬರೂ ದರಿದ್ರ ಗೆಲಕ್ಸಿಗಳ ರೋಹಿತವನ್ನು ಓದುವುದರಲ್ಲಿ ಅಗ್ರಗಣ್ಯರು. ಎಳೆಯ ನೀಲಿ ನಕ್ಷತ್ರಗಳು ಕಂಡುವು, ಮಧ್ಯವಯಸ್ಸಿನವು ಕಂಡುವು, ಕೆಂಪು ದೈತ್ಯಗಳು ಮಾತ್ರ ಕಾಣಲಿಲ್ಲ. ಆದಕಾರಣ ಜ್ವಿಕಿ ೧೮ರ ಅತ್ಯಂತ ಹಳೆಯ ನಕ್ಷತ್ರಕ್ಕೂ ಐವತ್ತು ಕೋಟಿ ವರ್ಷಗಳಿಗಿಂತ ಹೆಚ್ಚು ವಯಸ್ಸಿಲ್ಲ, ಇದು ನಿಶ್ಚಯವಾಗಿಯೂ ಶಿಶುಗೆಲಕ್ಸಿಯೆಂದು ಅವರು ಸಾರಿದರು. ಈ ವಾರ್ತೆಯು ಜಗತ್ತಿನ ವೃತ್ತಪತ್ರಿಕೆಗಳಲ್ಲಿಯೂ ಹಬ್ಬಿತು.

ಇಲ್ಲಿ ಬಳಸಿದ ಪ್ರಮಾಣವು ಅನುಪಲಬ್ಧಿ. ನೆಲದ ಮೇಲೆ ಗಡಿಗೆಯು ಕಾಣಲಿಲ್ಲವಾದುದರಿಂದ ಗಡಿಗೆಯಿಲ್ಲ ಎಂಬ ಜ್ಞಾನಕ್ಕೆ ಭಾಟ್ಟರು ಅದನ್ನು ಪ್ರತ್ಯೇಕ ಪ್ರಮಾಣವಾಗಿಯೇ ಎಣಿಸುವರು. ನೈಯಾಯಿಕರು ಪ್ರತ್ಯಕ್ಷಕ್ಕೆ ಸಹಕಾರಿಯೆಂದು ಮಾತ್ರ ಒಪ್ಪುವರು. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಭೇದವಿಲ್ಲ. ಬರಿಯ ಕಾಣದಿರುವಿಕೆಯು ಇಲ್ಲದಿರುವಿಕೆಯನ್ನು ಸಾಧಿಸದು. ಇದ್ದಿದ್ದರೆ ಕಾಣಲೇಬೇಕಾಗಿದ್ದಿತು ಎಂಬ ಯೋಗ್ಯತೆಯು ಮೊದಲು ಸಿದ್ಧವಾಗಬೇಕು. ಬೆಳಕಿಲ್ಲದ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಅದರಿಂದ ಏನೂ ಸಿದ್ಧಿಸದು. ಜ್ವಿಕಿ ೧೮ರ ಸಂದರ್ಭದಲ್ಲಿ ಆ ಯೋಗ್ಯತೆಯು ಗೆಲಕ್ಸಿಯ ದೂರವನ್ನು ಅವಲಂಬಿಸಿದ್ದಿತು. ಹತ್ತಿರವಿದ್ದರೆ ಕೆಂಪು ದೈತ್ಯಗಳು ಕಾಣಬೇಕು. ದೂರವಿದ್ದರೆ ಆ ಚಿತ್ರಗಳ ಅಂಚಿಗೆ ಬಂದು ಮರೆಯಾಗುವುವು. ದೂರವನ್ನು ತಿಳಿದಿದ್ದುದಾದರೂ ಹೇಗೆ? ಮೊದಮೊದಲು ರೋಹಿತದಿಂದಲೇ. ರೇಖೆಗಳು ಕೆಂಪಿನ ಕಡೆಗೆ ಜರುಗಿರುವುದರಿಂದ ಗೆಲಕ್ಸಿಯು ಸೆಕೆಂಡಿಗೆ ಸುಮಾರು ೭೫೦ ಕಿಲೋಮೀಟರ್ ವೇಗದಿಂದ ದೂರ ಸರಿಯುತ್ತಿರುವುದೆಂದು ತಿಳಿದು, ವಿಶ್ವದ ವಿಕಾಸದ ಸೂತ್ರದಿಂದ ದೂರವನ್ನು ಸುಮಾರು ೧೦ ಮೆಗಾಪಾರ್ಸೆಕ್, ಎಂದರೆ ಮೂರು ಕೋಟಿ ಇಪ್ಪತ್ತಾರು ಲಕ್ಷ ಜ್ಯೋತಿರ್ವರ್ಷಗಳೆಂದು ಹಿಡಿಯುವುದು ವಾಡಿಕೆಯಾಗಿದ್ದಿತು. ಆದರೆ ಸಮೀಪದ ಗೆಲಕ್ಸಿಗಳು ನೆರೆಹೊರೆಯ ಗುಂಪುಗಳ ಸೆಳೆತಕ್ಕೂ ಒಳಗಾಗಿ ಚಲಿಸುವುದರಿಂದ ಅವುಗಳ ವಿಷಯದಲ್ಲಿ ಈ ಸೂತ್ರವು ವ್ಯಭಿಚರಿಸುವುದು. ಇಜೊಟೊವ್ ಮತ್ತು ತುವಾನ್ ಇದನ್ನರಿತು ನಕ್ಷತ್ರಗಳ ಹೊಳಪಿನಿಂದಲೇ ದೂರವನ್ನು ೧೨.೬ರಿಂದ ೧೫ ಮೆಗಾಪಾರ್ಸೆಕ್‌ಗಳಿಗೆ ಹೆಚ್ಚಿಸಿದರು. ಅದೂ ಸಾಲಲಿಲ್ಲ.

ಇಟಲಿಯ ಅಲೆಸ್ಸಾಂಡ್ರ ಅಲೊಯಿಸಿ ಮತ್ತು ಆಕೆಯ ಸಂಗಡಿಗರು ಹಬಲ್ಲಿನಿಂದ ಮತ್ತೆ ಮತ್ತೆ ಚಿತ್ರಗಳನ್ನು ತೆಗೆಸಿದರು. ಹೀಗೆ ಕಾಲಾಂತರದಲ್ಲಿ ತೆಗೆದ ಚಿತ್ರಗಳಿಂದ ಎರಡು ಪ್ರಯೋಜನಗಳಾದುವ. ಎಲ್ಲವನ್ನೂ ಕೂಡಿಸಿದಾಗ ಹಿಂದೆಂದೂ ಕಾಣದಷ್ಟು ಮಂದವಾದ ನಕ್ಷತ್ರಗಳು ಕಂಡುವು. ಹೊಳಪು ಏರಿ ಇಳಿಯುವ ಸಿಫಿಡ್ ಜಾತಿಯ ಚರತಾರೆಗಳೂ ಸಿಕ್ಕಿದುವು. ಇಂತಹ ತಾರೆಯ ಆವರ್ತಕಾಲವು ಹೆಚ್ಚಿದಷ್ಟೂ ಅದರ ನಿಜವಾದ ಹೊಳಪು ಹೆಚ್ಚೆಂಬ ನಿಯಮವನ್ನು ಹೆನ್ರಿಯೆಟಾ ಲೆವಿಟ್ ಎಂಬ ವಿದುಷಿಯು ೧೯೧೨ರಲ್ಲಿ ಸ್ಥಾಪಿಸಿದ್ದಳು; ಆದಕಾರಣ ಅವು ದೂರಮಾಪನಕ್ಕೆ ದೀಪಸ್ತಂಭಗಳು. ೨೦೦೭ರಲ್ಲಿ ಪ್ರಕಟವಾದ ಫಲದಂತೆ ಕೆಂಪು ದೈತ್ಯಗಳ ಶ್ರೇಣಿಯು ಅಲ್ಲಿ ಇದ್ದೇ ಇದ್ದಿತು. ಆ ಶ್ರೇಣಿಯ ತುದಿಯ ಹೊಳಪಿನಿಂದ ಗಣಿಸಿದ ದೂರವು ೧೮.೨ ಮೆಗಾಪಾರ್ಸೆಕ್, ಎಂದರೆ ಸುಮಾರು ಐದು ಕೋಟಿ ತೊಂಬತ್ತು ಲಕ್ಷ ಜ್ಯೋತಿರ್ವರ್ಷ. ಸಿಫಿಡ್‌ಗಳೂ ಅದಕ್ಕೆ ಸಮ್ಮತವಾದ ಸಾಕ್ಷ್ಯವನ್ನೇ ಕೊಟ್ಟುವು. ೧೨.೬ಕ್ಕೆ ಬದಲು ೧೮.೨ರಲ್ಲಿ ಇಟ್ಟ ದೀಪವು ಅರ್ಧಕ್ಕಿಂತಲೂ ಕಡಿಮೆ ಹೊಳೆಯುವುದು. ೨೦೦೪ರಲ್ಲಿ ಕೆಂಪು ದೈತ್ಯಗಳು ಕಣ್ಣಿಗೆ ಬೀಳದೆ ಹೋದುದಕ್ಕೆ ಅಷ್ಟೇ ಕಾರಣ. ಜ್ವಿಕಿ ೧೮ರ ವಯಸ್ಸು ನೂರು ಕೋಟಿ ವರ್ಷಗಳಿಗೆ ಕಡಿಮೆಯಿಲ್ಲ; ಅದಕ್ಕಿಂತ ಎಷ್ಟೋ ಹೆಚ್ಚೂ ಇರಬಹುದು.

ಹೀಗೆ ಸರ್ಲ್ ಮತ್ತು ಸಾರ್ಜೆಂಟರು ತೋರಿಸಿದ ಎರಡು ದಾರಿಗಳಲ್ಲಿ ಎರಡನೆಯದು ನಿಂತಿತು. ಇದರಿಂದ ರೋಹಿತಪ್ರಮಾಣಕ್ಕೆ ಕುಂದುಂಟಾಯಿತೆಂದು ಭಾವಿಸುವುದು ತಪ್ಪು. ಅದು ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಾಗಲಿಲ್ಲ: ಉಬ್ಬರವು ನಿಜ, ಆಮ್ಲಜನಕದ ಕೊರತೆಯು ನಿಜ, ಅನಿಲದ ಉಷ್ಣತೆಯು ನಿಜ. ಅದು ಹೇಳದೆ ಬಿಟ್ಟುದನ್ನು ಅದರ ಬಾಯಿಂದ ಹೇಳಿಸಿದವರು ವ್ಯಾಖ್ಯಾನಕಾರರು. ೨೦೦೫ರಿಂದ ಈಚೆಗೆ ಜ್ವಿಕಿ ೧೮ಕ್ಕಿಂತಲೂ ದರಿದ್ರವಾದ ಕೆಲವು ಕುಬ್ಜಗಳು ಸಿಕ್ಕಿರುವುವು. ಹಳೆಯ ಕುಬ್ಜವು ಇಷ್ಟು ದರಿದ್ರವಾಗಿ ಉಳಿಯುವುದು ಹೇಗೆಂಬುದು ಈಗಿನ ಪ್ರಶ್ನೆ: ಸಿಡಿದ ನಕ್ಷತ್ರಗಳ ಆಮ್ಲಜನಕವು ಕುಬ್ಜದ ದುರ್ಬಲ ಗುರುತ್ವವನ್ನು ಮೀರಿ ಹೊರಗೆ ಹಾರಿಹೋಗುವುದೋ, ಹೊರಗಿನಿಂದ ಶುದ್ಧವಾದ ಆದಿಮ ಅನಿಲವು ಬಂದು ಬೆರೆಯುವುದೋ, ಎರಡೂ ಉಂಟೋ. ೨೦೧೫ರಲ್ಲಿ ಭಾರತವು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ನಿರ್ಮಿತವಾದ ಅತಿನೇರಳೆ ದೂರದರ್ಶಕವಿರುವುದು. ಅದರ ಮೂಲಕ ಹನ್ನೊಂದು ದೂರದ ನೀಲಿ ಕುಬ್ಜಗಳನ್ನು ನೋಡಿದಾಗ, ಸಾಮಾನ್ಯ ಬೆಳಕಿನಲ್ಲಿ ಗೆಲಕ್ಸಿಯು ಮುಗಿಯಿತೆಂದು ತೋರುವ ಎಲ್ಲೆಯ ಆಚೆಗೂ ಎಳೆಯ ನಕ್ಷತ್ರಗಳ ಅತಿನೇರಳೆ ಪ್ರಭೆಯು ಚಾಚಿರುವುದು ಕಂಡುಬಂದು, ೨೦೨೨ರಲ್ಲಿ ಪ್ರಕಟವಾಯಿತು. ಕುಬ್ಜಗಳು ಹೊರಗಿನ ಅನಿಲವನ್ನು ಸೆಳೆದು ಅಂಚಿನಲ್ಲಿ ಬೆಳೆಯುತ್ತಿರುವುವೆಂಬ ಪಕ್ಷಕ್ಕೆ ಇದು ಪೋಷಕವಾದುದು.

ಜ್ವಿಕಿ ೧೮ರ ರೋಹಿತದಲ್ಲಿ ಇನ್ನೂ ಬಿಡಿಸದ ಒಂದು ಗ್ರಂಥಿಯು ಉಳಿದಿರುವುದು. ೪೬೮೬ ಆಂಗ್‌ಸ್ಟ್ರಮ್ ಸ್ಥಾನದಲ್ಲಿ, ಒಂದು ಎಲೆಕ್ಟ್ರಾನನ್ನು ಕಳೆದುಕೊಂಡ ಹೀಲಿಯಮ್ಮಿಗೆ ಸೇರಿದ ರೇಖೆಯು ಅಲ್ಲಿಯ ಅನಿಲದಿಂದ ಹೊಮ್ಮುತ್ತಿರುವುದು. ಅದು ಹೊಳೆಯಬೇಕಾದರೆ ಹೀಲಿಯಮ್ಮಿನ ಎರಡನೆಯ ಎಲೆಕ್ಟ್ರಾನೂ ಕಿತ್ತುಹೋಗಬೇಕು; ಅದಕ್ಕೆ ಬೇಕಾಗುವ ಶಕ್ತಿಯು ಜಲಜನಕಕ್ಕೆ ಬೇಕಾದುದರ ನಾಲ್ಕು ಪಟ್ಟು. ಸಾಮಾನ್ಯವಾದ ಎಳೆಯ ನಕ್ಷತ್ರಗಳಲ್ಲಿ ಅಷ್ಟು ಉಗ್ರವಾದ ಕಿರಣಗಳು ಹೊರಡುವುದು ಬಹು ಸ್ವಲ್ಪ. ೧೯೯೭ರಲ್ಲಿ ಈ ಗೆಲಕ್ಸಿಯಲ್ಲಿಯೇ, ತಮ್ಮ ಹೊರಕವಚವನ್ನು ಬಿಸುಟು ಒಳಗಿನ ಬಿಸಿಯನ್ನು ಬಯಲುಮಾಡಿದ ವುಲ್ಫ್-ರಾಯೆ ಜಾತಿಯ ನಕ್ಷತ್ರಗಳ ಗುರುತು ಸಿಕ್ಕಿದಾಗ ಕಾರಣವು ದೊರಕಿತೆಂದು ಕೆಲವರು ಸಮಾಧಾನಗೊಂಡರು. ೨೦೧೫ರಲ್ಲಿ ಕೆರಿಗ್ ಮೊದಲಾದವರು ಸ್ಪೆಯ್ನಿನ ಕಾಲಾರ್ ಆಲ್ಟೊ ವೇಧಶಾಲೆಯಿಂದ ಗೆಲಕ್ಸಿಯ ಒಂದೊಂದು ಭಾಗದ ರೋಹಿತವನ್ನೂ ಪ್ರತ್ಯೇಕವಾಗಿ ತೆಗೆದು, ಆ ನಕ್ಷತ್ರಗಳಿಂದ ಲೆಕ್ಕವು ತುಂಬದೆಂದು ತೋರಿಸಿದರು. ವಿಶ್ವದ ಮೊದಲ ನಕ್ಷತ್ರಗಳಂತೆ ಭಾರಧಾತುಗಳೇ ಇಲ್ಲದ ಅತ್ಯುಷ್ಣ ನಕ್ಷತ್ರಗಳು ಕೆಲವಾದರೂ ಅಲ್ಲಿರಬಹುದೆಂದು ಸೂಚಿಸಿದರು. ಕ್ಷ-ಕಿರಣಗಳನ್ನು ಸೂಸುವ ಯುಗ್ಮತಾರೆಗಳೇ ಕಾರಣವೆಂದು ಬೇರೆಯವರು. ೨೦೨೧ರಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕವೂ ಈ ಎರಡು ಚುಕ್ಕೆಗಳತ್ತ ತಿರುಗಿ, ಧೂಳುಮುಸುಕಿದ ಮುದಿನಕ್ಷತ್ರಗಳನ್ನು ಅಲ್ಲಿ ಕಂಡಿರುವುದು. ಆದರೆ ೪೬೮೬ರ ರೇಖೆಯನ್ನು ಹೊತ್ತಿಸುತ್ತಿರುವವರು ಯಾರೆಂಬ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಏಕಾಭಿಪ್ರಾಯವಿಲ್ಲ.